ಕನ್ನಡ ಚಿತ್ರಕಥೆಯಲ್ಲಿ ದೃಶ್ಯಶೀರ್ಷಿಕೆ ಬರೆಯುವ ಕ್ರಮ: ಜಗಲಿ ಒಳಾಂಗಣವೋ, ಹೊರಾಂಗಣವೋ?

ಅಘನಾಶಿನಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸುಮಾರು 25 ನಿಮಿಷಗಳ ಕಿರುಚಿತ್ರವೊಂದಕ್ಕೆ ನಾನು ಮೊದಲ ಬಾರಿ ಚಿತ್ರಕಥೆ ಬರೆದಿದ್ದೇನೆ. ಶಿರಸಿಯ ಹತ್ತಿರ ಅಡಿಕೆ ತೋಟದ ಮನೆಯಲ್ಲಿ ಒಬ್ಬಳೇ ಇರುವ ಆಯಿ, ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆಯುವ ಅವಳ ಮಗ, ಈ ಇಬ್ಬರ ನಡುವೆ ಕಥೆ ನಡೆಯುತ್ತದೆ. ಛಾಯಾಗ್ರಹಣಕ್ಕೆ ಒಪ್ಪಿಕೊಂಡಿರುವ ಮಿತ್ರರಿಗೆ ಪ್ರತಿಯನ್ನು ಕೊಟ್ಟಿದ್ದೆ. ಅವರು ಕಥೆಯ ಬಗ್ಗೆ ಒಂದು ಮಾತೂ ಆಡದೆ, ದೃಶ್ಯಶೀರ್ಷಿಕೆಗಳನ್ನೆಲ್ಲ (ಪ್ರತಿ ದೃಶ್ಯದ ಮೊದಲಲ್ಲಿ ಜಾಗ, ಹೊತ್ತು ತಿಳಿಸುವ ಸಾಲುಗಳನ್ನೆಲ್ಲ) ಕೆಂಪು ಶಾಯಿಯಲ್ಲಿ ಗುರುತು ಮಾಡಿ ಹಿಂದಿರುಗಿಸಿದ್ದಾರೆ.

ಅವರ ಮುಖ್ಯ ಆಕ್ಷೇಪ ಜಗಲಿಯ ಕುರಿತಾದದ್ದು. ಒಂದು ದೃಶ್ಯದಲ್ಲಿ ನಾನು ಜಗಲಿಯನ್ನು ಒಳಾಂಗಣ ಎಂದು ಬರೆದಿದ್ದೇನೆ, ಇನ್ನೊಂದರಲ್ಲಿ ಹೊರಾಂಗಣ ಎಂದಿದ್ದೇನೆ, ಮೂರನೆಯದರಲ್ಲಿ ಏನನ್ನೂ ಬರೆದಿಲ್ಲ. ನಮ್ಮ ಕಡೆಯ ಜಗಲಿಗೆ ಮೇಲೆ ಮಾಡು, ಎರಡು ಬದಿಗೆ ಗೋಡೆ, ಅಂಗಳದ ಕಡೆಗೆ ಬರೀ ಮರದ ಸರಳು. ಅದನ್ನು ಯಾವುದಕ್ಕೆ ಸೇರಿಸಬೇಕೆಂದು ನನಗೆ ನಿಜವಾಗಿಯೂ ತಿಳಿಯಲಿಲ್ಲ.

ಎರಡನೆಯದು ಅಕ್ಷರದ ತೊಂದರೆ. ಇಂಗ್ಲಿಷ್ ಮಾದರಿಗಳನ್ನು ನೋಡಿದರೆ ದೃಶ್ಯಶೀರ್ಷಿಕೆಯನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬ ನಿಯಮ ಕಾಣುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದಿರುವಾಗ ಶೀರ್ಷಿಕೆಯನ್ನು ವಿವರಣೆಯಿಂದ ಬೇರ್ಪಡಿಸುವುದು ಹೇಗೆ? ಶೀರ್ಷಿಕೆಯಷ್ಟನ್ನು ಇಂಗ್ಲಿಷಿನಲ್ಲಿ ಬರೆದು ಉಳಿದದ್ದನ್ನು ಕನ್ನಡದಲ್ಲಿ ಬರೆಯುವವರೂ ಇದ್ದಾರೆಂದು ಕೇಳಿದ್ದೇನೆ, ಆದರೆ ನನ್ನ ಮನಸ್ಸು ಅದಕ್ಕೆ ಒಪ್ಪುತ್ತಿಲ್ಲ.

ಮೂರನೆಯದಾಗಿ, ತಾಯಿ ಮಗನ ನಡುವೆ ನಾಲ್ಕು ಪುಟಗಳ ಫೋನ್ ಸಂಭಾಷಣೆ ಇದೆ. ಪ್ರತಿ ಮಾತಿಗೂ ಶಿರಸಿ, ಕಾರವಾರ, ಶಿರಸಿ, ಕಾರವಾರ ಎಂದು ಶೀರ್ಷಿಕೆ ಹಾಕುತ್ತಾ ಹೋದುದರಿಂದ ಆ ಭಾಗ ಬಸ್ ನಿಲ್ದಾಣದ ಫಲಕದಂತೆ ಕಾಣುತ್ತಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ತೋಟದ ಹಾದಿ (ಉತ್ತರ)

ತಮ್ಮ ಛಾಯಾಗ್ರಾಹಕರು ಮಾಡಿದ್ದು ಸರಿಯಾಗಿಯೇ ಇದೆ. ಚಿತ್ರಕಥೆಯ ಉಳಿದ ಭಾಗವನ್ನು ನಟರೂ ನಿರ್ದೇಶಕರೂ ಓದುತ್ತಾರೆ. ದೃಶ್ಯಶೀರ್ಷಿಕೆಯನ್ನು ಮಾತ್ರ ಲೈಟು ಹೊರುವವರು, ವಾಹನ ಗೊತ್ತುಮಾಡುವವರು, ಊಟ ಎಷ್ಟು ಜನಕ್ಕೆ ಎಲ್ಲಿಗೆ ಬರಬೇಕೆಂದು ಲೆಕ್ಕ ಹಾಕುವವರು ಓದುತ್ತಾರೆ. ಅವರಿಗೆ ಬೇಕಾದ ಸಂಗತಿಗಳು ಮೂರೇ: ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ. ಈ ಮೂರೂ ಪ್ರತಿ ಸಲವೂ ಇದೇ ಅನುಕ್ರಮದಲ್ಲಿ, ಒಂದೇ ಸಾಲಿನಲ್ಲಿ ಬರಬೇಕು. ಉದಾಹರಣೆಗೆ:

ಒಳಾಂಗಣ. ಆಯಿಯ ಮನೆ, ಅಡುಗೆಮನೆ – ರಾತ್ರಿ

ಜಾಗದ ಹೆಸರಿನಲ್ಲಿ ದೊಡ್ಡದು ಮೊದಲು, ಚಿಕ್ಕದು ಆಮೇಲೆ. "ಆಯಿಯ ಮನೆ" ಎಂಬುದು ಮೊದಲು ಬಂದರೆ, ಚಿತ್ರೀಕರಣದ ಪಟ್ಟಿ ಮಾಡುವಾಗ ಅಡುಗೆಮನೆ, ಜಗಲಿ, ಕೊಟ್ಟಿಗೆ, ಅಡಿಕೆ ಒಣಗಿಸುವ ಅಟ್ಟ ಎಲ್ಲವೂ ತಾವಾಗಿ ಒಂದೆಡೆ ಸೇರುತ್ತವೆ. ಒಮ್ಮೆ ಇಟ್ಟ ಹೆಸರನ್ನು ಕೊನೆಯವರೆಗೆ ಬದಲಿಸಬಾರದು. ತಾವು ಒಂದು ಕಡೆ "ಬಂದರು", ಇನ್ನೊಂದು ಕಡೆ "ಬೈತಖೋಲ್ ಧಕ್ಕೆ", ಮತ್ತೊಂದು ಕಡೆ "ಮೀನಿನ ಧಕ್ಕೆ" ಎಂದು ಬರೆದರೆ ಊರಿನವರಿಗೆ ಮೂರೂ ಒಂದೇ ಜಾಗವೆಂದು ಗೊತ್ತಾದೀತು, ಆದರೆ ಹೊರಗಿನಿಂದ ಬಂದ ವ್ಯವಸ್ಥಾಪಕರು ಮೂರು ಜಾಗಗಳಿಗೆ ಅನುಮತಿ ಕೇಳಲು ಹೊರಡುತ್ತಾರೆ. ಕಥೆ ಕವನಗಳಲ್ಲಿ ಒಂದೇ ಪದ ಮರುಕಳಿಸಬಾರದೆಂದು ಕಲಿತವರಿಗೆ ಇದು ಸ್ವಲ್ಪ ಕಷ್ಟವೇ ಸರಿ.

ಇನ್ನು ಜಗಲಿ. ವಾಸ್ತುವಿನ ಪ್ರಕಾರ ಅದು ಮನೆಯ ಒಳಗೋ ಹೊರಗೋ ಎಂಬ ಚರ್ಚೆಯನ್ನು ಬಿಟ್ಟುಬಿಡಿ. ಬೆಳಕು ಎಲ್ಲಿಂದ ಬರುತ್ತದೆ, ಮಳೆ ಬಂದರೆ ಕೆಲಸ ನಿಲ್ಲುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಆಯಿ ಜಗಲಿಯ ಒಳಮೂಲೆಯಲ್ಲಿ ಕುಳಿತು ದೀಪದ ಬೆಳಕಿನಲ್ಲಿ ಅಡಿಕೆ ಸುಲಿಯುತ್ತಿದ್ದರೆ ಅದು ಒಳಾಂಗಣ. ಅವಳು ಸರಳಿನ ಬಳಿ ನಿಂತಿದ್ದು, ಅಂಗಳದಲ್ಲಿರುವ ಕೆಲಸದಾಳಿನೊಡನೆ ಮಾತನಾಡುತ್ತಿದ್ದು, ಕ್ಯಾಮೆರಾ ಎರಡೂ ಕಡೆ ಓಡಾಡುವುದಾದರೆ "ಒಳಾಂಗಣ/ಹೊರಾಂಗಣ. ಆಯಿಯ ಮನೆ, ಜಗಲಿ ಮತ್ತು ಅಂಗಳ – ಹಗಲು" ಎಂದು ಜೋಡಿಸಿ ಬರೆಯುವುದು ಕ್ರಮ. ಚಲಿಸುವ ವಾಹನದ ಒಳಗೂ ಹೊರಗೂ ನಡೆಯುವ ದೃಶ್ಯಗಳಿಗೆ ಇಂಗ್ಲಿಷ್ ಚಿತ್ರಕಥೆಗಳಲ್ಲಿ ಇದೇ ಜೋಡಿ ರೂಪವನ್ನು ಬಳಸುತ್ತಾರೆ. ತಮ್ಮ ಕಥೆಯ ಮಗ ದೇವಿಮನೆ ಘಟ್ಟ ಹತ್ತಿ ಬಸ್ಸಿನಲ್ಲಿ ಊರಿಗೆ ಬರುವ ದೃಶ್ಯವಿದ್ದರೆ ಅದಕ್ಕೂ ಇದು ಹೊಂದುತ್ತದೆ. ಆದರೆ ಎಲ್ಲಕ್ಕೂ ಜೋಡಿಯನ್ನೇ ಹಾಕಿಬಿಟ್ಟರೆ ಏನನ್ನೂ ಹೇಳದಂತಾಗುತ್ತದೆ.

ಫೋನ್ ಸಂಭಾಷಣೆಗೆ "ಇಂಟರ್‌ಕಟ್" ಎಂಬ ಉಪಾಯವಿದೆ. ಮೊದಲು ಆಯಿಯ ಮನೆಯ ಶೀರ್ಷಿಕೆ ಹಾಕಿ ಅವಳು ಫೋನ್ ಎತ್ತುವುದನ್ನು ಬರೆಯಿರಿ. ಆಮೇಲೆ ಧಕ್ಕೆಯ ಶೀರ್ಷಿಕೆ ಹಾಕಿ ಮಗನನ್ನು ತೋರಿಸಿ. ಅದರ ಕೆಳಗೆ "ಇಂಟರ್‌ಕಟ್ – ಆಯಿಯ ಮನೆ / ಧಕ್ಕೆ" ಎಂದು ಒಂದು ಸಾಲು ಬರೆದ ಮೇಲೆ, ಸಂಭಾಷಣೆ ಮುಗಿಯುವವರೆಗೆ ಬೇರೆ ಶೀರ್ಷಿಕೆಯ ಅಗತ್ಯವಿಲ್ಲ. ಯಾವ ಮಾತಿಗೆ ಯಾರ ಮುಖ ಕಾಣಬೇಕೆಂಬುದನ್ನು ಸಂಕಲನದಲ್ಲಿ ತೀರ್ಮಾನಿಸುತ್ತಾರೆ.

ಪಡುಗಾಳಿ (ಉತ್ತರ)

ಅಕ್ಷರದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ದೊಡ್ಡಕ್ಷರಗಳ ಬದಲಿಗೆ ಕನ್ನಡದಲ್ಲಿ ದಪ್ಪಕ್ಷರವನ್ನು ಬಳಸಿ, ಶೀರ್ಷಿಕೆಯ ಮೇಲೆ ಎರಡು ಸಾಲು, ಕೆಳಗೆ ಒಂದು ಸಾಲು ಖಾಲಿ ಬಿಡಿ, ಅಷ್ಟು ಸಾಕು. ಅಡಿಗೆರೆ ಎಳೆದರೆ ಒತ್ತಕ್ಷರಗಳೂ ಕೊಂಬುಗಳೂ ಗೆರೆಗೆ ಸಿಕ್ಕಿಕೊಂಡು ಓದಲು ತೊಡಕಾಗುತ್ತದೆ. ಶೀರ್ಷಿಕೆ ಪುಟದ ತಳದಲ್ಲಿ ಒಂಟಿಯಾಗಿ ಉಳಿದು ದೃಶ್ಯ ಮುಂದಿನ ಪುಟಕ್ಕೆ ಹೋಗದಂತೆ ನೋಡಿಕೊಳ್ಳಬೇಕು; ವರ್ಡ್‌ನಲ್ಲಿ "ಕೀಪ್ ವಿತ್ ನೆಕ್ಸ್ಟ್" ಎಂಬ ಆಯ್ಕೆ ಇರುವುದೇ ಇದಕ್ಕಾಗಿ.

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕವನ್ನು ಕನ್ನಡ ಪ್ರತಿಗೆ ನೇರವಾಗಿ ಅನ್ವಯಿಸಬೇಡಿ. ಆ ಲೆಕ್ಕ ನಿಂತಿರುವುದು 12 ಪಾಯಿಂಟಿನ ಕೊರಿಯರ್ ಎಂಬ ಇಂಗ್ಲಿಷ್ ಅಕ್ಷರಶೈಲಿಯ ಮೇಲೆ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಅಡ್ಡಕ್ಕೆ ಒಂದು ಇಂಚಿಗೆ 10 ಅಕ್ಷರ, ಉದ್ದಕ್ಕೆ 6 ಸಾಲು. ಕೊರಿಯರ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ತುಂಗಾ, ನೋಟೋ ಮುಂತಾದ ಕನ್ನಡ ಅಕ್ಷರಶೈಲಿಗಳಲ್ಲಿ "ರ"ಕ್ಕೂ "ಘೌ"ಗೂ ಇರುವ ಅಗಲದ ಅಂತರವನ್ನು ನೋಡಿದರೆ ಆ ಲೆಕ್ಕ ಏಕೆ ಕೆಡುತ್ತದೆಂಬುದು ತಿಳಿಯುತ್ತದೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ಅಳೆಯುವುದೇ ಮೇಲು.

ಫೌಂಟನ್ ಎಂಬ ಸರಳ ಪಠ್ಯ ಕ್ರಮದಲ್ಲಿ ಬರೆಯುವವರಿಗೆ ಒಂದು ಸೂಚನೆ. ಇಂಗ್ಲಿಷಿನ ಐ-ಎನ್-ಟಿ (ಒಳಾಂಗಣ) ಅಥವಾ ಇ-ಎಕ್ಸ್-ಟಿ (ಹೊರಾಂಗಣ) ಎಂದು ಆರಂಭವಾಗುವ ಸಾಲನ್ನು ಅದು ತಾನಾಗಿಯೇ ದೃಶ್ಯಶೀರ್ಷಿಕೆಯೆಂದು ಗುರುತಿಸುತ್ತದೆ. "ಒಳಾಂಗಣ" ಎಂಬುದು ಅದಕ್ಕೆ ಗೊತ್ತಿಲ್ಲ. ಸಾಲಿನ ಮೊದಲಲ್ಲಿ ಒಂದು ಚುಕ್ಕಿ ಇಟ್ಟು, ಜಾಗ ಬಿಡದೆ ಬರೆದರೆ ಅದನ್ನು ಶೀರ್ಷಿಕೆಯೆಂದೇ ಪರಿಗಣಿಸುತ್ತದೆ. ಪಾತ್ರದ ಹೆಸರನ್ನೂ ಅದು ಗುರುತಿಸುವುದು ದೊಡ್ಡಕ್ಷರಗಳಿಂದಲೇ ಆದ್ದರಿಂದ, "ಆಯಿ" ಎಂಬುದರ ಮುಂದೆ ಇಮೇಲ್ ವಿಳಾಸದಲ್ಲಿ ಬರುವ "ಅಟ್" ಚಿಹ್ನೆಯನ್ನು ಸೇರಿಸಬೇಕು. ಇನ್ನೊಂದು ಮಾತು: ಏನೇ ಬರೆದರೂ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ "ನುಡಿ" ತಂತ್ರಾಂಶದ ಅಕ್ಷರಗಳಲ್ಲಿ ಬರೆದ ಚಿತ್ರಕಥೆಯೊಂದು ನನ್ನ ಫೋನಿನಲ್ಲಿ ತೆರೆದುಕೊಂಡಾಗ ಒಂದಕ್ಷರವೂ ಕನ್ನಡವಾಗಿರಲಿಲ್ಲ.

ಅಘನಾಶಿನಿ ದಂಡೆ (ಮರುಪ್ರಶ್ನೆ)

ಇಬ್ಬರಿಗೂ ಅನಂತ ಧನ್ಯವಾದಗಳು. ಜಗಲಿಯ ಗೊಂದಲ ಬಗೆಹರಿಯಿತು. ಕಾಲದ ಬಗ್ಗೆ ಇನ್ನೊಂದು ಸಂದೇಹವಿದೆ. ನನ್ನ ಶೀರ್ಷಿಕೆಗಳಲ್ಲಿ "ಮೂರು ದಿನಗಳ ನಂತರ, ಬೆಳಿಗ್ಗೆ", "ಮುಸ್ಸಂಜೆ", "ಐದು ವರ್ಷಗಳ ಹಿಂದೆ" ಎಂಬಂಥ ಮಾತುಗಳಿವೆ. ಒಂದು ಶೀರ್ಷಿಕೆ ಹೀಗಿದೆ: "ಹೊರಾಂಗಣ. ಕಾಳಿ ಸೇತುವೆ – ಐದು ವರ್ಷಗಳ ಹಿಂದೆ, ಕಡಲಿನಿಂದ ಸೂರ್ಯ ಮೇಲೇಳುವ ಮಂಜು ಮುಸುಕಿದ ಮುಂಜಾವು". ಇದನ್ನು ಹೀಗೆಯೇ ಉಳಿಸಬಹುದೇ?

ಧಕ್ಕೆಯ ಮೇಸ್ತ್ರಿ (ಉತ್ತರ)

ಮೊದಲು ಸೂರ್ಯನನ್ನು ಸರಿಪಡಿಸೋಣ. ಕಾರವಾರದಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆಯೇ ಹೊರತು ಕಡಲಿನಿಂದ ಏಳುವುದಿಲ್ಲ. ಬೆಳಿಗ್ಗೆ ಅವನು ಕಾಣಿಸಿಕೊಳ್ಳುವುದು ಸಹ್ಯಾದ್ರಿಯ ಬೆನ್ನಿನಿಂದ. ದಂಡೆಯಲ್ಲೇ ಬೆಳೆದ ತಮಗೆ ಇದು ತಿಳಿಯದ್ದೇನಲ್ಲ. ಆದರೆ ಬರೆಯುವ ಹುಮ್ಮಸ್ಸಿನಲ್ಲಿ ಶೀರ್ಷಿಕೆಯೊಳಗೆ ವರ್ಣನೆ ನುಗ್ಗಿದಾಗ ಇಂಥ ತಪ್ಪುಗಳಾಗುತ್ತವೆ. ಮಂಜು, ಮಬ್ಬು, ಬೇಸರ ಇವೆಲ್ಲ ಶೀರ್ಷಿಕೆಯ ಕೆಳಗಿನ ವಿವರಣೆಗೆ ಸೇರಿದವು.

ಕಾಲದ ಜಾಗದಲ್ಲಿ ಸಾಧ್ಯವಾದಷ್ಟೂ "ಹಗಲು" ಮತ್ತು "ರಾತ್ರಿ" ಎಂಬ ಎರಡನ್ನೇ ಬಳಸಿ. "ಮುಸ್ಸಂಜೆ" ಎಂದು ಬರೆಯುವಾಗ ಅದರ ಬೆಲೆ ಗೊತ್ತಿರಬೇಕು. ಸೂರ್ಯ ಮುಳುಗಿದ ಮೇಲೆ ನಮ್ಮ ಕರಾವಳಿಯಲ್ಲಿ ಆ ಬೆಳಕು ಉಳಿಯುವುದು 20 ನಿಮಿಷಗಳ ಆಚೀಚೆ ಮಾತ್ರ. ಎರಡು ಪುಟದ ಸಂಭಾಷಣೆಗೆ ಮುಸ್ಸಂಜೆ ಎಂದು ಬರೆದರೆ ಇಡೀ ತಂಡ ಟಾಗೋರ್ ಕಡಲತೀರದಲ್ಲಿ ನಾಲ್ಕು ದಿನ ಸಂಜೆ ಬಂದು ನಿಲ್ಲಬೇಕಾಗುತ್ತದೆ. ಕಥೆಗೆ ಅದು ಬೇಕೇಬೇಕೆಂದಾದರೆ ಇರಲಿ, ಅಂದಕ್ಕಾಗಿ ಬೇಡ.

"ಮೂರು ದಿನಗಳ ನಂತರ" ಎಂಬುದರಲ್ಲಿ ಇನ್ನೂ ದೊಡ್ಡ ತೊಡಕಿದೆ. ಶೀರ್ಷಿಕೆಯಲ್ಲಿ ಬರೆದದ್ದು ತೆರೆಯ ಮೇಲೆ ಕಾಣುವುದಿಲ್ಲ. ಪ್ರೇಕ್ಷಕನಿಗೆ ಮೂರು ದಿನ ಕಳೆದದ್ದು ತಿಳಿಯಬೇಕಾದರೆ ಮಾತಿನಲ್ಲಿ ಬರಬೇಕು, ಇಲ್ಲವೇ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಬಣ್ಣ ಬದಲಾಗಿರಬೇಕು, ಇಲ್ಲವೇ ತೆರೆಯ ಮೇಲೆ ಬರಹ ಮೂಡಬೇಕು.

ಸೇತುವೆಯ ಶೀರ್ಷಿಕೆಯಲ್ಲಿ "ಐದು ವರ್ಷಗಳ ಹಿಂದೆ" ಎನ್ನುವ ಬದಲು ಇಸವಿಯನ್ನೇ ನಮೂದಿಸಿ. ಕಾರಣ ಸರಳವಾಗಿದೆ: ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿತ್ತು. ಅದಕ್ಕೂ ಹಿಂದಿನ ದೃಶ್ಯದಲ್ಲಿ ಎರಡು ಸೇತುವೆಗಳು ಅಕ್ಕಪಕ್ಕ ನಿಂತಿರಬೇಕು, ಈಗ ಹೋಗಿ ಚಿತ್ರೀಕರಿಸಿದರೆ ಹಾಗೆ ಸಿಗುವುದಿಲ್ಲ. ಶೀರ್ಷಿಕೆಯಲ್ಲಿ ಇಸವಿ ಇದ್ದರೆ ಜಾಗ ನೋಡಲು ಹೋದವರು ಕೂಡಲೇ ಎಚ್ಚೆತ್ತುಕೊಂಡು, ನದಿಯ ದಂಡೆಯಿಂದ ಸೇತುವೆ ಕಾಣದ ಕೋನವನ್ನು ಹುಡುಕುತ್ತಾರೆ. ಇದೇ ಮಾತು ಧಕ್ಕೆಗೂ ಅನ್ವಯಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ದಡದಲ್ಲೇ ಇರುತ್ತವೆ. ಮಗ ಆ ದಿನಗಳಲ್ಲಿ ಮೀನಿನ ಲೆಕ್ಕ ಬರೆಯುತ್ತಿದ್ದರೆ ಇಲ್ಲಿಯ ಮೊದಲ ಪ್ರೇಕ್ಷಕನೇ ನಗುತ್ತಾನೆ. ಹಾಗಾಗಿ ಧಕ್ಕೆಯ ಶೀರ್ಷಿಕೆಗಳಲ್ಲಿ "ಹಗಲು, ಮಳೆಗಾಲ" ಎಂದು ಋತುವನ್ನು ಸೇರಿಸುವುದನ್ನು ನಾನು ವರ್ಣನೆಯೆಂದು ಎಣಿಸುವುದಿಲ್ಲ.

ತೋಟದ ಹಾದಿ (ಉತ್ತರ)

ಮೇಸ್ತ್ರಿಯವರ ಮಾತನ್ನು ಒಪ್ಪುತ್ತೇನೆ, ಋತುವಿನ ವಿಷಯವೊಂದನ್ನು ಬಿಟ್ಟು. ಮೊದಲ ಬಾರಿ ಮಳೆಗಾಲ ಬಂದಾಗ ಹೇಳಿದರೆ ಸಾಲದೇ? ಪ್ರತಿ ಶೀರ್ಷಿಕೆಗೂ ಅದನ್ನು ಅಂಟಿಸಿದರೆ ಸಾಲು ಉದ್ದವಾಗಿ, ಮುಖ್ಯವಾದ ಮೂರು ಸಂಗತಿಗಳು ಹಿಂದೆ ಸರಿಯುತ್ತವೆ.

ದೃಶ್ಯಸಂಖ್ಯೆಯ ಬಗ್ಗೆ ತಾವು ಕೇಳದಿದ್ದರೂ ಹೇಳಿಬಿಡುತ್ತೇನೆ. ಹಾಲಿವುಡ್‌ನ ಪದ್ಧತಿಯಲ್ಲಿ ಬರವಣಿಗೆಯ ಹಂತದ ಪ್ರತಿಗೆ ಸಂಖ್ಯೆ ಹಾಕದೆ, ಚಿತ್ರೀಕರಣದ ಪ್ರತಿ ಸಿದ್ಧವಾದಾಗ ಹಾಕುತ್ತಾರೆ. ನಮ್ಮಲ್ಲಿ "ಏಳನೇ ಸೀನು" ಎಂದು ಸಂಖ್ಯೆಯಿಂದಲೇ ಚರ್ಚಿಸುವ ರೂಢಿ ಇರುವುದರಿಂದ ಮೊದಲೇ ಹಾಕಿದರೂ ದೋಷವಿಲ್ಲ. ಪ್ರತಿಯನ್ನು ಎಲ್ಲರಿಗೂ ಹಂಚಿದ ಮೇಲೆ ಮಾತ್ರ ಹಳೆಯ ಸಂಖ್ಯೆಗಳನ್ನು ಕದಲಿಸಬೇಡಿ. 12 ಮತ್ತು 13ರ ನಡುವೆ ಹೊಸ ದೃಶ್ಯ ಬಂದರೆ ಅದು 12ಎ, 15ನೆಯದನ್ನು ತೆಗೆದರೆ "15. ಕೈಬಿಡಲಾಗಿದೆ" ಎಂಬ ಸಾಲು ಅಲ್ಲಿಯೇ ಉಳಿಯಲಿ.

ಅಘನಾಶಿನಿ ದಂಡೆ (ಪ್ರತಿಕ್ರಿಯೆ)

ನಿನ್ನೆ ರಾತ್ರಿ ಕುಳಿತು ಎಲ್ಲವನ್ನೂ ತಿದ್ದಿದೆ. ಮುಸ್ಸಂಜೆಯ ಏಳು ದೃಶ್ಯಗಳಲ್ಲಿ ಆರು "ಹಗಲು" ಆಗಿವೆ, ಒಂದನ್ನು ಮಾತ್ರ ಬಿಡಲಾಗಲಿಲ್ಲ. "ಮಳೆಗಾಲ" ಎಂಬುದು ಧಕ್ಕೆಯ ಮೊದಲ ಶೀರ್ಷಿಕೆಯಲ್ಲಷ್ಟೇ ಇದೆ. ಕೊನೆಯ ಪ್ರತಿಯಿಂದ ಮೂರು ಸಾಲುಗಳನ್ನು ಇಲ್ಲಿ ಹಾಕುತ್ತಿದ್ದೇನೆ:

11. ಹೊರಾಂಗಣ. ಕಾಳಿ ನದಿ, ದಂಡೆ – ಹಗಲು (2019)

12. ಒಳಾಂಗಣ. ಆಯಿಯ ಮನೆ, ಜಗಲಿ – ರಾತ್ರಿ

12ಎ. ಒಳಾಂಗಣ/ಹೊರಾಂಗಣ. ಆಯಿಯ ಮನೆ, ಜಗಲಿ ಮತ್ತು ಅಂಗಳ – ಹಗಲು

ಛಾಯಾಗ್ರಾಹಕ ಮಿತ್ರರಿಗೆ ಈ ಪ್ರತಿಯನ್ನು ಕಳಿಸಿದ್ದೇನೆ. ಈ ಸಲ ಅವರು ಕೆಂಪು ಶಾಯಿಯಲ್ಲಿ ಬರೆದಿರುವುದು ಒಂದೇ ಪ್ರಶ್ನೆ: "ಆಯಿಯ ಮನೆಗೆ ಕರೆಂಟು ಇದೆಯೋ, ಇಲ್ಲವೋ?"