ಕಲೋನ್‌ನ ಮರದ ಶಿಲುಬೆ ಮತ್ತು ಮಗಳ ಪ್ರಶ್ನೆ

ಮಕ್ಕಳನ್ನು ಇಲ್ಲಿ ಜರ್ಮನಿಯ ಚರ್ಚುಗಳಿಗೆ ಕರೆದುಕೊಂಡು ಹೋಗಬೇಕಾ, ಹೋದರೆ ಏನಂತ ಹೇಳಬೇಕು ಅಂತ ಮೊನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ನನ್ನಿಂದಾದ ಒಂದು ತಪ್ಪನ್ನೇ ಮೊದಲು ಹೇಳುತ್ತೇನೆ.

ಕಲೋನ್ ಸ್ಟೇಷನ್ನಿನಿಂದ ಆಚೆ ಬಂದರೆ ಎದುರಿಗೇ ಕೆಥೆಡ್ರಲ್, ಊರಿನ ಮುಖ್ಯ ಚರ್ಚು. ಎರಡು ವರ್ಷದ ಹಿಂದೆ ರೈಲಿಗೆ ಇನ್ನೂ ಅರ್ಧ ಗಂಟೆ ಇತ್ತು, ಸುಮ್ನೆ ಒಳಗೆ ಹೋದೆವು. ಅಲ್ಲಿ ಗೇರೋ ಶಿಲುಬೆ ಅಂತ ಇದೆ, ಶಿಲುಬೆಯ ಮೇಲಿನ ಯೇಸುವಿನ ಹಳೆಯ ಮರದ ಮೂರ್ತಿ. ಅದರ ಮುಂದೆ ಮಗಳು ನಿಂತುಬಿಟ್ಟಳು. ಆಗ ಅವಳಿಗೆ ಆರು ವರ್ಷ. "ಅಮ್ಮಾ, ಇವರು ಸತ್ತುಹೋಗಿದಾರಾ?" ಅಂದಳು. "ಅದು ಅವರ ದೇವರು ಪುಟ್ಟಾ, ಬಾ, ರೈಲು ಹೋಗಿಬಿಡುತ್ತೆ" ಅಂತ ಕೈ ಹಿಡಿದು ಎಳೆದುಕೊಂಡು ಬಂದೆ. ಅವತ್ತು ರಾತ್ರಿ ಎಷ್ಟೋ ಹೊತ್ತು ಅವಳು ನಿದ್ದೆ ಮಾಡಲಿಲ್ಲ.

ಈ ವರ್ಷ ಅವಳೇ ಕೇಳಿದಳು ಅಂತ ಮತ್ತೆ ಹೋದೆವು. ಈ ಸಲ ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ. ಗೋಪುರ ಹತ್ತಲಿಲ್ಲ, ಮಗು ಯೇಸುವನ್ನು ನೋಡಲು ಬಂದ ಮೂವರು ರಾಜರ ಅಸ್ಥಿ ಇದೆ ಅನ್ನುವ ಚಿನ್ನದ ಪೆಟ್ಟಿಗೆಯ ಹತ್ತಿರ ಜನ ಜಾಸ್ತಿ ಇದ್ದರು, ದೂರದಿಂದಲೇ ನೋಡಿದೆವು. ಶಿಲುಬೆಯ ಮುಂದೆ ಮಾತ್ರ ತುಂಬಾ ಹೊತ್ತು ಇದ್ದೆವು.

ಓಕ್ ಮರದ ಮೂರ್ತಿ ಅದು. ಆಳೆತ್ತರಕ್ಕಿಂತ ಸ್ವಲ್ಪ ದೊಡ್ಡದು, 187 ಸೆಂಟಿಮೀಟರ್. ತಲೆ ಎದೆಯ ಕಡೆ ಬಿದ್ದಿದೆ, ಕಣ್ಣು ಮುಚ್ಚಿದೆ. ಮೈಭಾರವೆಲ್ಲ ತೋಳುಗಳ ಮೇಲೆ ಜೋತುಬಿದ್ದು ಹೊಟ್ಟೆ ಮುಂದಕ್ಕೆ ಉಬ್ಬಿದೆ. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಯೇಸು ಶಿಲುಬೆಯ ಮೇಲೂ ಸಾಮಾನ್ಯವಾಗಿ ಕಣ್ಣು ಬಿಟ್ಟುಕೊಂಡು ನೆಟ್ಟಗೆ ಇರುತ್ತಿದ್ದ. ಇದನ್ನು ಕೆತ್ತಿದವನು ಸತ್ತ ಮೈಯನ್ನು ಹತ್ತಿರದಿಂದ ನೋಡಿರಲೇಬೇಕು ಅಂತ ನನಗೆ ಅನಿಸುತ್ತದೆ. ಮಗು ಅವತ್ತು ಕೇಳಿದ್ದು ಸರಿಯಾಗೇ ಇತ್ತು. "ಹೌದು, ಸತ್ತಿದ್ದಾರೆ" ಅಂತ ಈ ಸಲ ಹೇಳಿದೆ. ಅವಳು ತಲೆ ಆಡಿಸಿದಳು, ಅಷ್ಟೇ.

ಮೂರ್ತಿಯ ಬೆನ್ನ ಹಿಂದೆ ಇರುವ ಬಂಗಾರದ ಸೂರ್ಯ 1683ರಲ್ಲಿ ಸೇರಿಸಿದ್ದು. ಅದನ್ನು ಬಿಟ್ಟು ಮುಖವನ್ನಷ್ಟೇ ನೋಡು ಅಂದೆ. ಮರದೊಳಗಿನ ಉಂಗುರಗಳನ್ನು ಎಣಿಸಿ ಅದರ ವಯಸ್ಸು ಹೇಳಿದರು ಅಂದಾಗ ಅವಳ ಕಣ್ಣು ಅರಳಿತು. ಮರ ಕಡಿದದ್ದು ಸುಮಾರು 965ರಲ್ಲಿ. ಈಗಿನ ಕೆಥೆಡ್ರಲ್ ಶುರುವಾಗಿದ್ದೇ 1248ರಲ್ಲಿ, ಅಂದರೆ ಮೂರ್ತಿ ಕಟ್ಟಡಕ್ಕಿಂತ ಹಳೆಯದು. ಅದನ್ನು ಮಾಡಿಸಿದ ಆರ್ಚ್‌ಬಿಷಪ್, ಅಂದರೆ ಕಲೋನ್‌ನ ಮುಖ್ಯ ಧರ್ಮಗುರು, ಗೇರೋ ತೀರಿಕೊಂಡದ್ದು 976ರಲ್ಲಿ.

ಆ ಇಸವಿ ಕೇಳಿದರೆ ನಮಗೆ ಏನು ನೆನಪಾಗಬೇಕು ಹೇಳಿ? ಚಾವುಂಡರಾಯ ಅಲ್ವಾ! ಶ್ರವಣಬೆಳಗೊಳದ ಗೊಮ್ಮಟ ಸುಮಾರು 981ರದ್ದು. ಹೋದ ರಜೆಯಲ್ಲಿ ಅವಳು ಅಜ್ಜಿಯ ಕೈ ಹಿಡಿದು ಆ ಬೆಟ್ಟ ಹತ್ತಿದ್ದಳು. ಆ ಗೊಮ್ಮಟನನ್ನು ಕಡೆಯುವ ಹೊತ್ತಿಗೆ ಈ ಮರದ ಮೂರ್ತಿ ಇನ್ನೂ ಹೊಸದು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಗೊಮ್ಮಟನ ಕಾಲಿಗೆ ಬಳ್ಳಿ ಸುತ್ತಿಕೊಂಡಿದೆ, ಇವರ ಕಾಲಿಗೆ ಮೊಳೆ" ಅಂದಳು. ನನಗೆ ಇದು ಹೊಳೆದೇ ಇರಲಿಲ್ಲ.

ಒಂದು ಕಥೆಯನ್ನೂ ಹೇಳಿದೆ. ಮೂರ್ತಿಯ ತಲೆ ಬಿರುಕು ಬಿಟ್ಟಿತ್ತಂತೆ. ಗೇರೋ ಅದರಲ್ಲಿ ಪ್ರಸಾದದ ರೊಟ್ಟಿ ಇಟ್ಟು, ಅಡ್ಡಬಿದ್ದು ಬೇಡಿಕೊಂಡ ಮೇಲೆ ಕೂಡಿಕೊಂಡಿತಂತೆ. ಥೀಟ್ಮಾರ್ ಅನ್ನುವ ಬಿಷಪ್ ಸಾವಿರ ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ನಮ್ಮೂರಿನ ದೇವಸ್ಥಾನದ ಕಥೆ ಹೇಳುವ ದನಿಯಲ್ಲೇ ಹೇಳಿದೆ.

ಹೋಗುವವರಿಗೆ ಒಂದು ಮಾತು. ಪ್ರಾರ್ಥನೆ ನಡೆಯುವ ಹೊತ್ತಲ್ಲಿ ನೋಡುವವರನ್ನು ಒಳಗೆ ಓಡಾಡಲು ಬಿಡುವುದಿಲ್ಲ, ಸಮಯ ನೋಡಿಕೊಂಡು ಹೋಗಿ. ಮಕ್ಕಳಿಗೆ ಒಂದೇ ಮೂರ್ತಿ ಸಾಕು.

ಅಲ್ಲಿ ಮೇಣದಬತ್ತಿ ಹಚ್ಚುವವರನ್ನು ನೋಡಿ ಮಗಳು ಇನ್ನೊಂದು ಕೇಳಿದಳು: "ಕಣ್ಣು ಮುಚ್ಚಿರುವ ದೇವರ ಹತ್ತಿರ ಇವರು ಏನು ಕೇಳ್ತಾರೆ?" ಮನೆಗೆ ಹೋಗಿ ಯೋಚಿಸಿ ಹೇಳ್ತೀನಿ ಅಂದಿದ್ದೇನೆ. ನಿಮ್ಮ ಮಕ್ಕಳಿಗೆ ನೀವು ಏನು ಹೇಳುತ್ತಿದ್ದಿರಿ?