ಸಹಾಯ ಬೇಕು: ‘ಅರ್ಮಿನೂತಾ’ ಎಂಬ ಪದಕ್ಕೆ ಕನ್ನಡ

ಗೆಳೆಯರೇ, ನಮಸ್ಕಾರ.

ಇಟಲಿಯ ಲೇಖಕಿ ದೊನಾತೆಲ್ಲಾ ದಿ ಪಿಯೆತ್ರಾಂತೊನಿಯೊ ಅವರ 2017ರ ಕಾದಂಬರಿ ‘ಲಾರ್ಮಿನೂತಾ’ ನನ್ನನ್ನು ಬಿಡದೆ ಕಾಡುತ್ತಿದೆ. ನಮ್ಮ ಓದುಗ ಬಳಗಕ್ಕಾಗಿ ಅದರ ಮೊದಲ ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆದರೆ ಶೀರ್ಷಿಕೆಯಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಕಥೆ ನಡೆಯುವುದು 1975ರಲ್ಲಿ, ಅಬ್ರುಝ್ಝೊ ಪ್ರಾಂತ್ಯದಲ್ಲಿ. ಕೂಸಾಗಿದ್ದಾಗಲೇ ಸಂಬಂಧಿಕರ ಮನೆ ಸೇರಿ, ಕಡಲ ತೀರದ ಪಟ್ಟಣದಲ್ಲಿ ಒಬ್ಬಳೇ ಮಗಳಾಗಿ ಬೆಳೆದ ಹದಿಮೂರರ ಹುಡುಗಿಯನ್ನು ಕಾರಣವನ್ನೂ ಹೇಳದೆ ಹೆತ್ತವರ ಮನೆಗೆ ತಂದು ಬಿಡುತ್ತಾರೆ. ಬಡತನ, ಮಕ್ಕಳಿಂದ ಕಿಕ್ಕಿರಿದ ಮನೆ, ತಂಗಿ ಆದ್ರಿಯಾನಾಳ ಜೊತೆ ಒಂದೇ ಹಾಸಿಗೆ. ಸಾಕಿದವಳು, ಹೆತ್ತವಳು ಈ ಇಬ್ಬರಲ್ಲಿ ಮೊದಲ ತಾಯಿ ಯಾರು, ಎರಡನೆಯವಳು ಯಾರು ಎಂದು ಆ ಹುಡುಗಿಗೇ ಗೊತ್ತಾಗದು. ‘ಅರ್ಮಿನೂತಾ’ ಅವಳಿಗೆ ಬಿದ್ದ ಅಡ್ಡಹೆಸರು: ಅಲ್ಲಿನ ಆಡುನುಡಿಯಲ್ಲಿ ಮರಳಿ ಬಂದವಳು. ಅವಳ ನಿಜವಾದ ಹೆಸರು ನಮಗೆ ತಿಳಿಯುವುದೇ ಇಲ್ಲ.

ಅದೇ 1975ರಲ್ಲಿ ಇಟಲಿಯ ಕುಟುಂಬ ಕಾನೂನು ಬದಲಾಗಿ ಗಂಡ ಹೆಂಡಿರು ಸಮಾನರಾದರು. ಹಿಂದಿನ ವರ್ಷವಷ್ಟೇ ಜನ ಮತ ಹಾಕಿ ವಿಚ್ಛೇದನದ ಕಾನೂನನ್ನು ಉಳಿಸಿಕೊಂಡಿದ್ದರು. ಈ ಹುಡುಗಿಯನ್ನು ಮಾತ್ರ ಯಾರೂ ಒಂದು ಮಾತು ಕೇಳುವುದಿಲ್ಲ.

‘ಮರಳಿದವಳು’ ಎಂದರೆ ತಾನಾಗಿಯೇ ಬಂದಂತೆ ಕೇಳುತ್ತದೆ. ‘ತವರಿಗೆ ಬಂದವಳು’ ಎಂದರೆ ಮದುವೆಯಾದವಳು ಅನ್ನಿಸುತ್ತದೆ. ನನಗೆ ಬೇಕಿರುವುದು ಮಕ್ಕಳು ಶಾಲೆಯ ಅಂಗಳದಲ್ಲಿ ಕೂಗಬಹುದಾದ, ಚುಚ್ಚುವ ಪದ. ಸಾಕಿದವರ ಮನೆಯಿಂದ ವಾಪಸಾದ ಮಕ್ಕಳನ್ನು ನಿಮ್ಮ ಕಡೆ ಏನೆಂದು ಕರೆಯುತ್ತಿದ್ದರು? ದಯವಿಟ್ಟು ಮನೆಯ ಹಿರಿಯರನ್ನೂ ಕೇಳಿ, ಊರಿನ ಹೆಸರಿನೊಂದಿಗೆ ಬರೆಯಿರಿ.

ಇಟಾಲಿಯನ್ ಬಲ್ಲವರು ಯಾರಾದರೂ ಇದ್ದರೆ, ನನ್ನ ಹತ್ತು ಪುಟಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿಕೊಡುವಿರಾ?