ಪೈಥಾನ್: ತಿಂಗಳ ಡ್ಯೂಟಿ ಗಂಟೆ "7 ಡೇಸ್, 19:40:00" ಅಂತ ಬರುತ್ತಿದೆ, 187:40 ಬೇಕು

ಪ್ರಶ್ನೆ

ನಮ್ಮದು ಶಿವಮೊಗ್ಗದಲ್ಲಿ ಸಣ್ಣ ಟ್ರಾವೆಲ್ಸ್. ಗಾಡಿ, ಗಿರಾಕಿ ಎಲ್ಲ ಭಾವ ನೋಡಿಕೊಳ್ಳುತ್ತಾರೆ, ಕಂಪ್ಯೂಟರ್ ಕೆಲಸ ನನ್ನ ತಲೆಗೆ. ಡ್ರೈವರ್‌ಗಳ ಟ್ರಿಪ್ ಶೀಟಿನಿಂದ ಹೊರಟ ಸಮಯ, ವಾಪಸ್ ಬಂದ ಸಮಯ ಓದಿ, ಕಳೆದು, ತಿಂಗಳಿಗೆ ಕೂಡಿಸುವ ಸ್ಕ್ರಿಪ್ಟ್ ಬರೆದಿದ್ದೇನೆ. ಲೆಕ್ಕ ಸರಿ ಇದೆ, ಕ್ಯಾಲ್ಕುಲೇಟರ್‌ನಲ್ಲೂ ನೋಡಿದೆ. ತೋರಿಸುವುದೇ ತಲೆನೋವು. ಒಬ್ಬರದ್ದು 187 ಗಂಟೆ 40 ನಿಮಿಷ. ಟೈಮ್‌ಡೆಲ್ಟಾವನ್ನು (ಪೈಥಾನ್ ಭಾಷೆಯಲ್ಲಿ ಎರಡು ಸಮಯಗಳ ಅಂತರ ಇಡುವುದು ಇದರಲ್ಲೇ) ಹಾಗೇ ಪ್ರಿಂಟ್ ಮಾಡಿದರೆ "7 ಡೇಸ್, 19:40:00". ಅದರ ಸೆಕೆಂಡ್ಸ್ ತೆಗೆದುಕೊಂಡು ಭಾಗಿಸಿದರೆ ಬರೀ 19:40. ಏಳು ದಿನ ಮಂಗಮಾಯ! ಈ ಶೀಟ್ ಕೊಟ್ಟರೆ ಗಾಡಿ ಕೀ ನನ್ನ ಮುಖಕ್ಕೇ ಬೀಳುತ್ತದೆ. ಸಮಯವನ್ನು ಬೇಕಾದ ರೂಪದಲ್ಲಿ ಬರೆಯುವ ಎಸ್‌ಟಿಆರ್‌ಎಫ್‌ಟೈಮ್ ಹಾಕಿದರೆ ಆಗುತ್ತಾ?

ಉತ್ತರ 1

ಆಗಲ್ಲ. ಅದು ಗಡಿಯಾರದ ಸಮಯಕ್ಕೆ, 23:59 ಆದ ಮೇಲೆ ಮತ್ತೆ 00:00. ಟೈಮ್‌ಡೆಲ್ಟಾಗೆ ಆ ಮೆಥಡ್ಡೇ ಇಲ್ಲ. ಟೈಮ್‌ಡೆಲ್ಟಾ ಒಳಗೆ ದಿನ ಬೇರೆ, ಸೆಕೆಂಡು ಬೇರೆ ಇಟ್ಟಿರುತ್ತಾರೆ. ಸೆಕೆಂಡ್ಸ್ ಅಂದರೆ ದಿನ ಕಳೆದು ಉಳಿದದ್ದು ಮಾತ್ರ, 86399 ದಾಟುವುದಿಲ್ಲ. ಟೋಟಲ್-ಸೆಕೆಂಡ್ಸ್ ಮೆಥಡ್ ಕರೆಯಿರಿ, 675600 ಸಿಗುತ್ತದೆ. ಅದನ್ನು ಇಂಟ್ (ಪೂರ್ಣಾಂಕ) ಮಾಡಿ, 3600ರಿಂದ ಡಿವ್‌ಮಾಡ್ (ಭಾಗಲಬ್ಧ, ಶೇಷ ಎರಡನ್ನೂ ಕೊಡುತ್ತದೆ) ಮಾಡಿ, ಉಳಿದದ್ದನ್ನು 60ರಿಂದ ಭಾಗಿಸಿ. ಅಷ್ಟೇ.

ಉತ್ತರ 2

ಅಷ್ಟೇ ಅಲ್ಲ ಮಾರಾಯ್ರೇ. ಸಂಬಳದ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಾನು, ಜಗಳ ಶುರುವಾಗುವುದೇ ಇದರ ನಂತರ.

ಒಂದು, ರೌಂಡಿಂಗ್. ಗಂಟೆ ಬೇರೆ ತೆಗೆದು, ನಿಮಿಷವನ್ನು ದಶಾಂಶದಲ್ಲಿಟ್ಟು, ಪ್ರಿಂಟ್ ಮಾಡುವಾಗ ರೌಂಡ್ ಮಾಡುವವರು ಜಾಸ್ತಿ. 1 ಗಂಟೆ 59 ನಿಮಿಷ 40 ಸೆಕೆಂಡಿಗೆ ಆಗ "1:60" ಬರುತ್ತದೆ. ಮೊದಲು ಒಟ್ಟು ಸೆಕೆಂಡನ್ನು ನಿಮಿಷಕ್ಕೆ ರೌಂಡ್ ಮಾಡಿ, 120 ಬರಲಿ, ಆಮೇಲೆ 60ರಿಂದ ಡಿವ್‌ಮಾಡ್. ಪೈಥಾನಿನ ರೌಂಡ್ ನಂಬಬೇಡಿ, ಅದು ಅರ್ಧ ಬಂದರೆ ಸಮಸಂಖ್ಯೆ ಕಡೆ ವಾಲುತ್ತದೆ: 119.5 ಕೂಡ 120, 120.5 ಕೂಡ 120. ಅದಕ್ಕಿಂತ 30 ಸೆಕೆಂಡು ಕೂಡಿಸಿ 60ರಿಂದ ಪೂರ್ಣಾಂಕ ಭಾಗಾಕಾರ ಮಾಡಿ. ಇದೂ ತಿಂಗಳ ಮೊತ್ತಕ್ಕೆ ಒಂದೇ ಸಲ, ಟ್ರಿಪ್ ಟ್ರಿಪ್ಪಿಗೂ ಬೇಡ.

ಇನ್ನೊಂದು, ಚುಕ್ಕೆ. ನಾವೆಲ್ಲ ಏಳೂವರೆಯನ್ನು 7.30 ಅಂತಲೇ ಬರೆಯುವವರು, ಅಲ್ವಾ? ಶೀಟಿನಲ್ಲೂ ಹಾಗೇ ಇಟ್ಟರೆ ಲೆಕ್ಕದವರು ಅದನ್ನೇ ಗಂಟೆಯ ದರಕ್ಕೆ ಗುಣಿಸುತ್ತಾರೆ. ಗಂಟೆಗೆ 100 ರೂಪಾಯಿ ಆದರೆ 730. ಬರಬೇಕಾದದ್ದು 750. ಇಪ್ಪತ್ತು ರೂಪಾಯಿ ಯಾರ ಜೇಬಿಗೆ ಹೋಯಿತು ಅಂತ ಡ್ರೈವರ್ ಕೇಳಿದರೆ ತಪ್ಪಿಲ್ಲ. ಜನ ಓದುವ ಕಾಲಮ್ಮಿನಲ್ಲಿ ಕೋಲನ್ ಹಾಕಿ, ಗುಣಿಸುವ ಕಾಲಮ್ ಬೇರೆ ಮಾಡಿ 7.5 ಇಡಿ. ನಿಮಿಷ ಯಾವಾಗಲೂ ಎರಡು ಅಂಕಿ ಇರಲಿ. 8:5 ಅಂದರೆ ಎಂಟು ಗಂಟೆ ಐದು ನಿಮಿಷವೋ ಎಂಟೂವರೆಯೋ, ಯಾರಿಗೆ ಗೊತ್ತು!

ಉತ್ತರ 3

ಮೈನಸ್ ಬಂದರೆ? 8 ಗಂಟೆ ಡ್ಯೂಟಿಗೆ ಏಳೂವರೆ ದುಡಿದರೆ ವ್ಯತ್ಯಾಸ "-1 ಡೇ, 23:30:00" ಅಂತ ಬರುತ್ತದೆ. ಪೈಥಾನ್ ದಿನವನ್ನು ಮಾತ್ರ ಮೈನಸ್ಸಿಗೆ ಬಿಡುತ್ತದೆ, ಸೆಕೆಂಡನ್ನು ಬಿಡುವುದಿಲ್ಲ, ಅದಕ್ಕೇ ಹಾಗೆ. ಡಿವ್‌ಮಾಡ್ ಕೂಡ ಮೈನಸ್ 30 ನಿಮಿಷವನ್ನು 60ರಿಂದ ಭಾಗಿಸಿದರೆ ಮೈನಸ್ 1 ಮತ್ತು 30 ಕೊಡುತ್ತದೆ. ಅರ್ಧ ಗಂಟೆ ಕಡಿಮೆ ಇದ್ದದ್ದು "-1:30" ಆಗಿ ಕೂರುತ್ತದೆ! ಚಿಹ್ನೆ ಮೊದಲೇ ತೆಗೆದಿಡಿ, ಆಬ್ಸ್ (ಮೈನಸ್ ತೆಗೆದು ಬರೀ ಸಂಖ್ಯೆ ಕೊಡುತ್ತದೆ) ಹಾಕಿ ಲೆಕ್ಕ ಮಾಡಿ, ಕೊನೆಗೆ ಮುಂದೆ ಅಂಟಿಸಿ.

ಪ್ರಶ್ನೆ ಕೇಳಿದವರು

187:40 ಬಂತು! ಆದರೆ ಭಾವನಿಗೆ ಎಕ್ಸೆಲ್ಲೇ ಬೇಕಂತೆ. ಅಲ್ಲಿ ಕೂಡಿಸಿದರೆ ಮತ್ತೆ 19:40. ಟೆಕ್ಸ್ಟ್ ಆಗಿ ಹಾಕಿಬಿಡಲಾ?

ಉತ್ತರ 2

ಟೆಕ್ಸ್ಟ್ ಬೇಡ, ಎಕ್ಸೆಲ್‌ನಲ್ಲಿ ಕೂಡಿಸುವ ಸಮ್ ಫಂಕ್ಷನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಕ್ಸೆಲ್‌ಗೆ ಒಂದು ದಿನ ಅಂದರೆ 1. ಒಟ್ಟು ಸೆಕೆಂಡನ್ನು 86400ರಿಂದ ಭಾಗಿಸಿ ಆ ಸಂಖ್ಯೆಯನ್ನೇ ಸೆಲ್ಲಿಗೆ ಬರೆಯಿರಿ. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಗಂಟೆಯ ಎಚ್ ಅಕ್ಷರವನ್ನು ಚೌಕ ಬ್ರಾಕೆಟ್ ಒಳಗೆ ಹಾಕಿ, ಆಮೇಲೆ ಕೋಲನ್, ಎರಡು ಎಮ್. ಬ್ರಾಕೆಟ್ ಇದ್ದರೆ 24 ದಾಟಿದರೂ ಗಂಟೆ ಎಣಿಸುತ್ತಾ ಹೋಗುತ್ತದೆ. ಮೈನಸ್ ಸೆಲ್ಲುಗಳಿಗೆ ಮಾತ್ರ ಉದ್ದಕ್ಕೂ ಹ್ಯಾಶ್ ಗುರುತು ಕಾಣುತ್ತದೆ. ಅವನ್ನು "ಕಡಿಮೆ" ಅಂತ ಬೇರೆ ಕಾಲಮ್ಮಿಗೆ ಹಾಕಿ.